ಗುರುವಾರದ ಸುಶಿ

ನನ್ನ ಅಡುಗೆಮನೆಯಲ್ಲಿ ಎರಡು ಟ್ರೇಗಳಿವೆ. ಒಂದು ಅಂಚು ಸೊಟ್ಟಗಾದ ಅಲ್ಯೂಮಿನಿಯಂ ಟ್ರೇ. ಮೊಟ್ಟೆ, ಮೀನು, ಕೋಳಿ ಏನಿದ್ದರೂ ಅದರಲ್ಲೇ. ಇನ್ನೊಂದು ಸ್ಟೀಲಿನದು. ಅದರ ಬದಿಯಲ್ಲಿ ‘ದೇ. ಕೃ.’ ಎಂದು ಚುಕ್ಕಿ ಚುಕ್ಕಿಯಾಗಿ ಕೊರೆದಿದೆ. ದೇವಕಿಯಮ್ಮ ಬೆಳ್ಳಾರೆಯ ಪಾತ್ರೆ ಅಂಗಡಿಯಲ್ಲಿ ತಮ್ಮ ಹೆಸರಿನ, ತಮ್ಮ ಯಜಮಾನರಾದ ಕೃಷ್ಣಮೋಹನರ ಹೆಸರಿನ ಮೊದಲಕ್ಷರ ಹಾಕಿಸಿ ನನಗೆ ಕೊಟ್ಟ ಟ್ರೇ ಅದು. “ಇದು ನಮ್ಮ ಮನೆಯದ್ದು ಅಂತ ಬೇರೆಯೇ ಇಡು ಹೇಮಾ. ಇದಕ್ಕೆ ಮೊಟ್ಟೆ ಮುಟ್ಟಿಸಬೇಡ” ಎಂದಿದ್ದರು. ಮುಟ್ಟಿಸಲಿಲ್ಲ. ಅದನ್ನು ತಿಕ್ಕುವ ನಾರು ಬೇರೆ, ಒರೆಸುವ ಬಟ್ಟೆ ಬೇರೆ, ಇಡುವ ಕಪಾಟು ಬೇರೆ. ನನ್ನ ಗಂಡ ಸುಜಯ್ ಒಮ್ಮೆ ಗೊತ್ತಿಲ್ಲದೆ ಅದರಲ್ಲಿ ಬಂಗುಡೆ ಮೀನು ತೊಳೆಯಲು ಹೊರಟಾಗ ನಾನು ಹಾಕಿದ ಬೊಬ್ಬೆಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತ್ತು.

ನಾವು ಮೀನು ಮಾಂಸ ತಿನ್ನುವ ಗೌಡರು. ಆದರೂ ಬೆಳ್ಳಾರೆಯಿಂದ ಐವರ್ನಾಡಿನವರೆಗೆ ಭಟ್ಟರ ಮನೆಗಳಲ್ಲಿ ಹುಟ್ಟುಹಬ್ಬಕ್ಕೆ ಮೊಟ್ಟೆ ಇಲ್ಲದ ಕೇಕು ಬೇಕಾದರೆ ನನಗೇ ಫೋನು ಬರುತ್ತಿತ್ತು. ನನಗೆ ಅಂಗಡಿ ಇಲ್ಲ, ಬೋರ್ಡು ಇಲ್ಲ. “ಹೇಮಶ್ರೀ ಮಾಡಿದ್ದಾದರೆ ಧೈರ್ಯದಲ್ಲಿ ತಿನ್ನಬಹುದು” ಎಂಬ ಒಂದು ಮಾತಿನ ಮೇಲೆ ನನ್ನ ಓವನ್ ಬಿಸಿಯಾಗುತ್ತಿತ್ತು. ಆ ಮಾತು ಹೋದರೆ ನನ್ನ ಕೆಲಸ ಹೋದ ಹಾಗೆ.

ಆ ಮಾತನ್ನು ಕಳೆದವಳು ಬೇರೆ ಯಾರೂ ಅಲ್ಲ, ಚಿನ್ಮಯೀ. ದೇವಕಿಯಮ್ಮನ ಸೊಸೆ, ನನ್ನ ಜೀವದ ಗೆಳತಿ. ಜೀವದ ಗೆಳತಿಯಂತೆ! ಬರೆಯುವಾಗಲೇ ಮೈ ಉರಿಯುತ್ತದೆ.

ಪುತ್ತೂರಿನ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಡಬ್ಬಿಯ ಉಪ್ಪಿನಕಾಯಿ ನನಗೆ, ನನ್ನ ನೋಟ್ಸು ಅವಳಿಗೆ. ಅವಳು ಬೆಳ್ಳಾರೆಗೆ ಮದುವೆಯಾಗಿ ಬಂದಾಗ ನನ್ನಷ್ಟು ಕುಣಿದವರು ಅವಳ ತವರಿನಲ್ಲಿಯೂ ಇರಲಿಲ್ಲ. ದೇವಕಿಯಮ್ಮನ ಮನೆಗೆ ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. ಗುರುವಾರ ಮಧ್ಯಾಹ್ನ ದೇವಕಿಯಮ್ಮ ಭಜನೆಗೆ ಹೋಗುತ್ತಾರೆ. ಆ ಹೊತ್ತಿಗೆ ಚಿನ್ಮಯೀಯ ಸ್ಕೂಟರು ನಮ್ಮ ಅಂಗಳಕ್ಕೆ.

ಹಾಗೆ ಬಂದ ಒಂದು ಗುರುವಾರ ಅವಳು ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಯಾರೋ ಹುಡುಗಿ ಟ್ರೇಯಲ್ಲಿ ಅನ್ನ ಹರಡಿ, ಮೇಲೆ ಏನೇನೋ ಸುರಿದು ಓವನ್‌ಗೆ ನೂಕುತ್ತಿದ್ದಳು.

“ಎಂತ ಇದು?” ಎಂದೆ.

“ಸುಶಿ ಮಾರಾಯ್ತಿ. ಜಪಾನಿನವರದ್ದು.”

“ಅದು ಹಸಿ ಮೀನು ಅಲ್ವಾ? ನಾವೇ ತಿನ್ನುದಿಲ್ಲ ಹಸಿಯದ್ದು.”

“ಇದು ಹಸಿ ಅಲ್ಲ. ಸುತ್ತುದು ಬೇಡ, ಕೊಯ್ಯುದು ಬೇಡ. ಟ್ರೇಯಲ್ಲಿ ಹರಡಿ ಬೇಯಿಸುದು, ಚಮಚದಲ್ಲಿ ತೆಗೆದು ಕಡಲಪಾಚಿಯ ಹಾಳೆಯಲ್ಲಿಟ್ಟು ಬಾಯಿಗೆ ಹಾಕುದು. ಅಷ್ಟೇ. ಮೀನಿನ ಬದಲು ಎಂತಾದರೂ ಹಾಕುವಾ.”

ಅಷ್ಟೇ ಎಂದಳು. ಮೊದಲ ದಿನ ಕುಚ್ಚಲಕ್ಕಿ ಅನ್ನ ಹಾಕಿದೆವು. ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದು ಅಗುಳು ಇನ್ನೊಂದಕ್ಕೆ ತಾಗಲಿಲ್ಲ. ಮುಂದಿನ ವಾರ ಬಿಳಿಯ ಬೆಳ್ತಿಗೆ ಅಕ್ಕಿಯನ್ನು ನೀರು ಜಾಸ್ತಿ ಇಟ್ಟು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಸೌಟಿನ ಬೆನ್ನಿನಿಂದ ಒತ್ತಿದೆವು. ಅನ್ನಕ್ಕೆ ವಿನೆಗರ್ ಬೇಕಂತೆ. ನನ್ನ ತವರು ಸಂಪಾಜೆ. ಅಲ್ಲಿಂದ ಅಮ್ಮ ಕಳಿಸಿದ ಕಾಚಂಪುಳಿ ಇತ್ತು, ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಅದರ ಕೆಲವು ಹನಿಗೆ ಸಕ್ಕರೆ, ಉಪ್ಪು ಕಲಸಿ ಅನ್ನಕ್ಕೆ ಚಿಮುಕಿಸಿದೆ. ಅನ್ನ ಕಂದು ಬಣ್ಣಕ್ಕೆ ತಿರುಗಿತು, ಆದರೆ ರುಚಿ ಅಂದರೆ ರುಚಿ. ಮೇಲೆ ಕಡಲಪಾಚಿಯ ಹಾಳೆಯನ್ನು ಚೂರು ಮಾಡಿ ಉದುರಿಸುವುದು. ಅದರ ಮೇಲೆ ಬೇಯಿಸಿದ ಜೀಗುಜ್ಜೆಯ, ಅಂದರೆ ದೀವಿಹಲಸಿನ ಚೂರು, ಮೊಟ್ಟೆ ಇಲ್ಲದ ಮಯೊನೀಸ್, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಜಜ್ಜಿದ ಗಾಂಧಾರಿ ಮೆಣಸು ಎಲ್ಲ ಕಲಸಿ ದಪ್ಪಗೆ ಬಳಿಯುವುದು. ಮೇಲ್ಭಾಗ ಅಲ್ಲಲ್ಲಿ ಕಂದಿ, ಅಂಚು ಕುದಿಯುವಾಗ ತೆಗೆದರೆ ಆಯಿತು. ಬಿಸಿಬಿಸಿ ತಿನ್ನುವಾಗ ನಾವಿಬ್ಬರೂ ಮಾತಾಡಲಿಲ್ಲ. ಚಿನ್ಮಯೀ ಮಾತಾಡದೆ ಕೂತದ್ದನ್ನು ನಾನು ನೋಡಿದ್ದು ಆವತ್ತೇ.

ಅವತ್ತು ‘ದೇ. ಕೃ.’ ಟ್ರೇಯಲ್ಲಿ ಮಾಡಿದ್ದನ್ನು ಒಂದು ಡಬ್ಬಿಗೆ ಹಾಕಿ ದೇವಕಿಯಮ್ಮನಿಗೂ ಕಳಿಸಿದೆ. ಸಂಜೆ ಅವರೇ ಫೋನು ಮಾಡಿದರು. “ನಿನ್ನ ಜಪಾನಿನ ಚಿತ್ರಾನ್ನ ಭಾರೀ ಲಾಯ್ಕಾಗಿದೆ ಹೇಮಾ. ಆದರೆ ಆ ಪಾಚಿ ಸಮುದ್ರದ ನಾತ ಬರ್ತದೆ.” ಆಮೇಲೆ ಪ್ರತಿ ಗುರುವಾರ ಅವರಿಗೆ ಒಂದು ಡಬ್ಬಿ ಹೋಗುವುದು ಪದ್ಧತಿಯಾಯಿತು.

ಸಿಗಡಿ ಶುರುವಾದದ್ದು ಹೇಗೆಂದರೆ, ಸುಜಯ್‌ಗೆ ಜೀಗುಜ್ಜೆ ಸಪ್ಪೆ ಎನಿಸಿ, ನಮ್ಮ ಮನೆಯವರಿಗೆಂದು ನಾನು ಅಲ್ಯೂಮಿನಿಯಂ ಟ್ರೇಯಲ್ಲಿ ಸಿಗಡಿ ಹಾಕಿ ಬೇರೆ ಮಾಡಿದ್ದೆ. ಚಿನ್ಮಯೀ ಅದರ ಮುಂದೆ ನಿಂತಳು. ಎರಡೂ ಟ್ರೇಯದ್ದನ್ನು ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೇಲಿನ ಪದರ ಎಲ್ಲವನ್ನೂ ಮುಚ್ಚುತ್ತದೆ.

“ಒಂದು ಚೂರು ಕೊಡು” ಎಂದಳು.

“ಅದು ಸಿಗಡಿ ಚಿನ್ನು.”

“ಗೊತ್ತುಂಟು. ಮೂಲೆಯದ್ದು ಕೊಡು, ಕರಿದ ಹಾಗೆ ಆಗಿದೆಯಲ್ಲ, ಅದು.”

ನಾನು ಕೊಡಲಿಲ್ಲ. ಮನೆಯಲ್ಲಿ ಗೊತ್ತಾದರೆ ನನ್ನ ಗತಿ ಎಂತ ಎಂದೆ. ದೇವಕಿಯಮ್ಮನ ಮುಖ ನೋಡುವುದು ಹೇಗೆ ಎಂದೆ. ಅವಳು ನಕ್ಕು ಚಮಚ ತಾನೇ ತೆಗೆದುಕೊಂಡಳು. “ನನ್ನ ಬಾಯಿ, ನನ್ನ ಹೊಟ್ಟೆ. ನಾಳೆ ಯಾರಾದರೂ ಕೇಳಿದರೆ ನಾನೇ ಕೇಳಿ ತಿಂದದ್ದು ಅಂತ ಹೇಳ್ತೇನೆ. ಸಾಕಾ?” ಎಂದಳು. ಬಾಯಿ ಪೂರ್ತಿ ತುಂಬಿತ್ತು, ಆದರೂ ಆ ಮಾತು ಸ್ಪಷ್ಟವಾಗಿಯೇ ಕೇಳಿತ್ತು.

ಅಲ್ಲಿಂದ ಮೇಲೆ ಗುರುವಾರ ಬಂತೆಂದರೆ ಎರಡು ಟ್ರೇ. ಜೀಗುಜ್ಜೆಯದ್ದು ಅತ್ತೆಗೆ, ಸಿಗಡಿಯದ್ದು ಸೊಸೆಗೆ. ಮನೆಯಲ್ಲಿ ಅವಳ ಕೈಯ ವಾಸನೆ ಎಂತದೆಂದು ಕೇಳಿದರೆ “ಪಾಚಿಯ ನಾತ ಅತ್ತೆ” ಎಂದರಾಯಿತು. ಮೀನು ತರುವ ಮೊಯ್ದೀನ್ ಗುರುವಾರ ಸ್ಕೂಟರಿನ ಹಾರನ್ ಬಾರಿಸುವ ಮೊದಲೇ ನನ್ನ ಸಿಗಡಿಯನ್ನು ಬೇರೆ ಕಟ್ಟಿಟ್ಟಿರುತ್ತಿದ್ದ. ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಸಿಗಡಿಯ ಸಿಪ್ಪೆ ಬಿಡಿಸಲು ಚಿನ್ಮಯೀ ಕಲಿತಳು. ನಾನು ಅವಳನ್ನು ಗೇಲಿ ಮಾಡುತ್ತಿದ್ದೆ, “ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಯ್ತು ನಿನ್ನದು.” ಅವಳು ಸಿಪ್ಪೆಯೊಂದನ್ನು ನಮ್ಮ ಬೆಕ್ಕಿಗೆ ಎಸೆದು, “ನಾವಿಬ್ಬರೂ ಒಂದೇ ಜಾತಿ” ಎನ್ನುತ್ತಿದ್ದಳು. ನಗುತ್ತಿದ್ದೆವು. ಆ ನಗುವೂ ಈಗ ನನಗೆ ಜೀರ್ಣವಾಗುವುದಿಲ್ಲ.

ಹೋದ ತಿಂಗಳು ಒಂದು ಗುರುವಾರ ಅವಳ ಗಂಡ ಶ್ರೀರಾಮ ಹೇಳದೆ ಕೇಳದೆ ಬಂದ. ಬೀಗದ ಕೈ ಚಿನ್ಮಯೀಯ ಬ್ಯಾಗಿನಲ್ಲಿ ಉಳಿದಿತ್ತಂತೆ, ಫೋನು ಎತ್ತಲಿಲ್ಲವಂತೆ. ನಾವು ಚಾವಡಿಯಲ್ಲಿ ತಟ್ಟೆ ಹಿಡಿದು ಕೂತಿದ್ದೆವು. ಶ್ರೀರಾಮ ಒಳ್ಳೆಯವನೇ, ಜಂಬ ಇಲ್ಲ.

“ಎಂತ ಹೇಮಕ್ಕ, ನನಗಿಲ್ವಾ ಜಪಾನು?” ಎಂದ.

“ಉಂಟು ಶ್ರೀರಾಮಣ್ಣ, ನಿಮಗೆ ಒಳಗಿಂದ ತರ್ತೇನೆ” ಎಂದು ನಾನು ‘ದೇ. ಕೃ.’ ಟ್ರೇ ತರಲು ಏಳುತ್ತಿದ್ದೆ. ಅಷ್ಟರಲ್ಲಿ ಅವನು ಹೆಂಡತಿಯ ತಟ್ಟೆಗೇ ಕೈ ಹಾಕಿದ. “ಅದು ಬೇಡ, ನಿಲ್ಲಿ” ಎಂದೆ. ತುತ್ತು ಬಾಯಿಗೆ ಹೋಗಿಯಾಗಿತ್ತು. ಕಟಕ್ ಎಂದಿತು. ಅವನು ನಾಲಿಗೆಯಿಂದ ತಡವಿ, ಬೆರಳಲ್ಲಿ ಹೊರಗೆ ತೆಗೆದ. ಸಿಗಡಿಯ ಬಾಲದ ಸಿಪ್ಪೆ. ಆವತ್ತು ಸಿಗಡಿ ಬಿಡಿಸಿದ್ದು ಚಿನ್ಮಯೀ. ಅವಸರದಲ್ಲಿ ಒಂದರ ಬಾಲ ಬಿಟ್ಟಿದ್ದಳು.

ಶ್ರೀರಾಮ ಆ ಸಿಪ್ಪೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಈಗ ಹೇಳುತ್ತಾಳೆ ಎಂದುಕೊಂಡೆ. ನಾನೇ ಕೇಳಿ ತಿಂದದ್ದು ಎನ್ನುತ್ತಾಳೆ. ಅವಳು ಹೇಳುವುದೇ ಸರಿ, ನಾನು ನಡುವೆ ಬಾಯಿ ಹಾಕಬಾರದು ಎಂದು ಸುಮ್ಮನೆ ನಿಂತೆ.

ಚಿನ್ಮಯೀ ತಟ್ಟೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. “ಇದೆಂತ ಹೇಮಾ? ನೀನು ಜೀಗುಜ್ಜೆ ಅಂತ ಹೇಳಿದ್ದಲ್ವಾ?”

ಸ್ವರ ನಡುಗುತ್ತಿತ್ತು. ಕಣ್ಣಲ್ಲಿ ನೀರು ಬೇರೆ. ಕಾಲೇಜಿನ ನಾಟಕದಲ್ಲಿ ಒಂದು ಮಾತು ಹೇಳಲು ಹತ್ತು ಸಲ ತಡವರಿಸುತ್ತಿದ್ದವಳಿಗೆ ಆವತ್ತು ಒಂದಕ್ಷರ ತಪ್ಪಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ಕೇಳಿದ್ದೆ. ಮೇಕೆಗೆ ಹೇಗಾಗಿರಬಹುದು ಎಂದು ಯೋಚಿಸಿದವಳಲ್ಲ.

“ಚಿನ್ನು, ಎಂತ ಹೇಳ್ತಿದ್ದಿ ನೀನು?” ಎಂದೆ. ಅಷ್ಟೇ ಬಂದದ್ದು ನನ್ನ ಬಾಯಲ್ಲಿ. ಬೈಯಬೇಕಿತ್ತು, ಬೊಬ್ಬೆ ಹಾಕಬೇಕಿತ್ತು. ಒಂದು ಚಮಚಕ್ಕಾಗಿ ಸುಜಯ್‌ನ ನೀರಿಳಿಸುವ ನನ್ನ ನಾಲಿಗೆ ಬೇಕಾದ ಹೊತ್ತಿಗೆ ಸತ್ತು ಹೋಯಿತು. ಅವಳು ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದಳು. ಶ್ರೀರಾಮ ನನ್ನ ಮುಖ ನೋಡದೆ, “ಇಂಥದ್ದು ಮಾಡಬಾರದಿತ್ತು ಹೇಮಕ್ಕ” ಎಂದು ಹೊರಟ.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಿಕ್ಕಾಗುವುದಿಲ್ಲ. ಎರಡೇ ದಿನದಲ್ಲಿ ಬೆಳ್ಳಾರೆ ಪೇಟೆಗೆಲ್ಲ ಗೊತ್ತಾಯಿತು. ಹೇಮಶ್ರೀ ಮೋಸದಿಂದ ಭಟ್ಟರ ಮನೆಯವರಿಗೆ ಮೀನು ತಿನ್ನಿಸಿದಳಂತೆ. ಉಪನಯನಕ್ಕೆ ಹೇಳಿದ್ದ ಕೇಕು ಬೇಡವೆಂದು ಫೋನು ಬಂತು. ಇನ್ನೊಂದು ಮನೆಯವರು ಫೋನೂ ಮಾಡಲಿಲ್ಲ, ಪುತ್ತೂರಿನಿಂದ ತರಿಸಿದರು. ಐವರ್ನಾಡಿನ ಒಬ್ಬರು ಮೆಲ್ಲನೆ ಕೇಳಿದರು, “ನಮಗೆ ಕೊಟ್ಟ ಕೇಕಿನಲ್ಲಿ ಎಂತದೂ ಇರಲಿಲ್ಲ ಅಲ್ವಾ ಹೇಮಾ?” ಆ ಒಂದು ಪ್ರಶ್ನೆ ಸಾಕಾಗಿತ್ತು. ಅವತ್ತು ನಾನು ಓವನ್‌ನ ಪ್ಲಗ್ ಕಿತ್ತು ಅದರ ಮೇಲೆ ಬಟ್ಟೆ ಹೊದೆಸಿದೆ.

ಚಿನ್ಮಯೀಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ನಂಬರು ಬ್ಲಾಕು. ಮೊಯ್ದೀನ್ ಬಂದಾಗ ಅವನನ್ನು ಹಿಡಿದೆ.

“ಅವಳು ಹಿಂಬಾಗಿಲಲ್ಲಿ ಸಿಗಡಿ ಬಿಡಿಸುದನ್ನು ನೀನೇ ಎಷ್ಟು ಸಲ ನೋಡಿದ್ದಿ. ಒಂದು ಮಾತು ಹೇಳ್ತಿಯಾ ಮೊಯ್ದೀನ್?”

ಅವನು ಮೀನಿನ ಪೆಟ್ಟಿಗೆಯ ಮುಚ್ಚಳ ಹಾಕಿದ. “ನೋಡಿದ್ದೇನೆ ಅಕ್ಕ, ಇಲ್ಲ ಅಂತ ಹೇಳುದಿಲ್ಲ. ಆದರೆ ಈ ಮಾತು ನನ್ನ ಬಾಯಿಂದ ಬಂದರೆ ಅದು ಬೇರೆಯೇ ಮಾತಾಗ್ತದೆ. ನಿಮಗೂ ಒಳ್ಳೆಯದಲ್ಲ, ನನಗೂ ಅಲ್ಲ.”

ಅವನ ಮೇಲೆ ಕೋಪ ಬರಲಿಲ್ಲ. ಅವನು ಹೇಳಿದ್ದು ಸರಿಯೇ ಇತ್ತು.

ಸುಜಯ್ ಮಾತ್ರ, “ನೀನು ಆಗಲೇ ಬಾಯಿ ಬಿಡಬೇಕಿತ್ತು” ಎಂದು ದಿನಕ್ಕೊಮ್ಮೆ ಹೇಳುತ್ತಿದ್ದ. ಗೊತ್ತುಂಟು ಎಂದು ನಾನು ದಿನಕ್ಕೊಮ್ಮೆ ಉರಿದು ಬೀಳುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಗೇಟಿನ ಹತ್ತಿರ ಕಾರು ನಿಂತಿತು. ದೇವಕಿಯಮ್ಮ ಒಬ್ಬರೇ ಇಳಿದು ಬಂದರು. ಕಾರಿನೊಳಗೆ ಚಿನ್ಮಯೀ ಕೂತದ್ದು ಕಾಣುತ್ತಿತ್ತು. ನನ್ನ ಎದೆ ಹಗುರಾಯಿತು. ಹೇಳಿದ್ದಾಳೆ, ಅತ್ತೆಯ ಹತ್ತಿರ ನಿಜ ಹೇಳಿದ್ದಾಳೆ, ಅದಕ್ಕೇ ಇವರು ಬಂದದ್ದು ಎಂದುಕೊಂಡೆ.

ದೇವಕಿಯಮ್ಮ ಚಾವಡಿಯ ಕುರ್ಚಿಯಲ್ಲಿ ಕೂತರು. ನೀರು ಬೆಲ್ಲ ತಂದಿಟ್ಟೆ. ಮುಟ್ಟಲಿಲ್ಲ.

“ಹೇಮಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ” ಎಂದರು.

“ಅಮ್ಮಾ, ನಾನು ಮೋಸ ಮಾಡಲಿಲ್ಲ. ಅವಳೇ…”

“ಗೊತ್ತುಂಟು.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಪಾಚಿಯ ನಾತ, ಪಾಚಿಯ ನಾತ ಅಂತ ಅವಳು ಹೇಳುದು. ನಾನು ಇಷ್ಟು ವರ್ಷ ಪುತ್ತೂರು ಬಸ್ಸಿನಲ್ಲಿ ಮೀನಿನ ಬುಟ್ಟಿಯ ಪಕ್ಕದಲ್ಲಿ ಕೂತು ಹೋದವಳು. ಪಾಚಿ ಯಾವುದು, ಸಿಗಡಿ ಯಾವುದು ಅಂತ ನನಗೆ ಗೊತ್ತಾಗುದಿಲ್ವಾ? ನೀನು ಕಳಿಸಿದ ಡಬ್ಬಿಗೆ ಒಂದು ನಾತ, ಅವಳ ಕೈಗೆ ಇನ್ನೊಂದು ನಾತ. ಶುರುವಿನಿಂದಲೇ ಗೊತ್ತುಂಟು.”

“ಮತ್ತೆ ನೀವು ಶ್ರೀರಾಮಣ್ಣನಿಗೆ…”

“ಹೇಳಿ ಎಂತ ಮಾಡುದು? ಅವಳು ನಮ್ಮ ಮನೆಯಲ್ಲಿ ಬಾಳಬೇಕಲ್ಲ. ಗಂಡಹೆಂಡತಿ ನಡುವೆ ಒಡಕು ಬಂದರೆ ಕೂಡಿಸಲಿಕ್ಕೆ ಆಗುದಿಲ್ಲ ಹೇಮಾ. ನಿನಗಾದರೆ ಎಂತ, ನೀವು ತಿನ್ನುವವರು. ನಾಲ್ಕು ದಿನ ಮಾತಾಡ್ತಾರೆ, ಬಿಡ್ತಾರೆ.”

ಎಷ್ಟು ಸಮಾಧಾನದಲ್ಲಿ ಹೇಳಿದರು! ನನಗೆ ಬಾಣಂತನದಲ್ಲಿ ಲೇಹ್ಯ ಮಾಡಿ ತಂದುಕೊಟ್ಟ ಕೈ ಅವರದು. ಅದೇ ಕೈಯಲ್ಲಿ ಸೆರಗು ಸರಿ ಮಾಡಿಕೊಳ್ಳುತ್ತ, ನನ್ನ ಮೇಲೆ ಬಿದ್ದ ಕೊಳೆ ಸುಳ್ಳೆಂದು ಗೊತ್ತಿದ್ದೂ ಅದು ನನ್ನ ಮೇಲೆಯೇ ಇರಲಿ ಎನ್ನುತ್ತಿದ್ದರು. ಚಿನ್ಮಯೀ ಹೆದರಿ ಸುಳ್ಳು ಹೇಳಿದ್ದಳು. ಇವರಿಗೆ ಯಾವ ಹೆದರಿಕೆಯೂ ಇರಲಿಲ್ಲ.

“ನಾನು ಒಂದು ದಾರಿ ನೋಡಿದ್ದೇನೆ” ಎಂದು ಮುಂದುವರಿಸಿದರು. “ನೀನು ಬೇಕೆಂದು ಮಾಡಿದ್ದಲ್ಲ, ಟ್ರೇ ಅದಲುಬದಲಾಯ್ತು ಅಂತ ಹೇಳು. ಕೈತಪ್ಪು ಯಾರಿಗೂ ಆಗ್ತದೆ. ನಾನೇ ನಾಲ್ಕು ಮನೆಗೆ ಹೇಳ್ತೇನೆ, ಪಾಪ ಅವಳಿಗೆ ಗೊತ್ತಾಗಲಿಲ್ಲ ಅಂತ. ಎಲ್ಲರ ಮರ್ಯಾದೆ ಉಳೀತದೆ.”

“ಅದೊಂದು ಹೇಳಲಿಕ್ಕೆ ಆಗುದಿಲ್ಲ ಅಮ್ಮ.”

“ಯಾಕೆ?”

“ನಾನು ಮೋಸಗಾತಿ ಅಂತ ಬೇರೆಯವರು ಹೇಳಿದರೆ ಅದು ಅವರ ಸುಳ್ಳು. ಟ್ರೇ ತಪ್ಪಿತು ಅಂತ ನಾನು ಹೇಳಿದರೆ ಅದು ನನ್ನ ಸುಳ್ಳು. ಇಷ್ಟು ವರ್ಷ ನನ್ನ ಕೈಯಿಂದ ತಿಂದವರಿಗೆಲ್ಲ ಹೊಟ್ಟೆ ಕಲಸ್ತದೆ. ನನ್ನ ಟ್ರೇ ತಪ್ಪಲಿಲ್ಲ. ಯಾರು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ.”

“ಹೇಳು” ಎಂದರು ದೇವಕಿಯಮ್ಮ. “ಯಾರು ನಂಬ್ತಾರೆ?”

ಕುಹಕದಿಂದ ಕೇಳಿದ್ದಲ್ಲ. ಗೊತ್ತಿದ್ದದ್ದನ್ನು ಕೇಳಿದ್ದು.

ನಾನು ಒಳಗೆ ಹೋಗಿ, ಬೇರೆ ಕಪಾಟಿನಿಂದ ‘ದೇ. ಕೃ.’ ಟ್ರೇ ತಂದು ಅವರ ಮುಂದೆ ಹಿಡಿದೆ. “ಇದಕ್ಕೆ ಇವತ್ತಿನವರೆಗೆ ಮೊಟ್ಟೆ ಮುಟ್ಟಲಿಲ್ಲ, ಮೀನು ಮುಟ್ಟಲಿಲ್ಲ. ನಿಮಗೆ ಗೊತ್ತುಂಟು. ನಿಮ್ಮದನ್ನು ನೀವು ತೆಗೊಂಡು ಹೋಗಿ.”

ಅವರ ಕೈ ಅರ್ಧಕ್ಕೆ ಬಂತು. ಆಮೇಲೆ ಹಿಂದೆ ಹೋಯಿತು. “ಈಗ ಇದನ್ನು ನಮ್ಮ ಅಡುಗೆಮನೆಗೆ ತರುದು ಹೇಗೆ ಹೇಮಾ? ಮನೆಯವರು ಎಂತ ಹೇಳಿಯಾರು?” ಎಂದರು. ಟ್ರೇ ಶುದ್ಧ ಎಂದು ಈ ಲೋಕದಲ್ಲಿ ನನ್ನಷ್ಟೇ ಗಟ್ಟಿಯಾಗಿ ಗೊತ್ತಿದ್ದ ಇನ್ನೊಬ್ಬರು ಅವರೇ. ಎದ್ದು ಅಂಗಳಕ್ಕೆ ಇಳಿದರು.

ನಾನು ಟ್ರೇ ಹಿಡಿದುಕೊಂಡೇ ಅವರ ಹಿಂದೆ ಗೇಟಿನವರೆಗೆ ಹೋದೆ. ಚಿನ್ಮಯೀ ಕಾರಿನ ಗಾಜು ಸ್ವಲ್ಪ ಇಳಿಸಿದಳು. ಸಣಕಲಾಗಿದ್ದಳು. ಹಾಳು ಮನಸ್ಸು, ಆ ಹೊತ್ತಿಗೂ ಇವಳು ಊಟ ಸರಿ ಮಾಡುವುದಿಲ್ಲವೋ ಏನೋ ಎಂದುಕೊಂಡಿತು.

“ಹೇಮಾ, ನಿನಗೆ ಹೋಗುದು ನಾಲ್ಕು ಆರ್ಡರು. ನನಗಾದರೆ ಮನೆಯೇ ಹೋಗ್ತಿತ್ತು” ಎಂದಳು, ಪಿಸುಮಾತಿನಲ್ಲಿ. ನಾನು ಮಾತಾಡಲಿಲ್ಲ. ಅದನ್ನು ಅವಳು ಏನೆಂದು ತಿಳಿದಳೋ, ಮುಖ ಸ್ವಲ್ಪ ಅರಳಿತು. “ಎಲ್ಲ ತಣ್ಣಗಾಗಲಿ, ಮತ್ತೆ ಬರ್ತೇನೆ. ಪಾಚಿ ಹಾಳೆ ಉಳಿದದ್ದು ಉಂಟಲ್ಲ, ಗಾಳಿ ತಾಗದ ಹಾಗೆ ಡಬ್ಬಿಗೆ ಹಾಕಿಡು. ಮೆತ್ತಗಾದರೆ ರುಚಿ ಇರುದಿಲ್ಲ.”

ಕಾರು ಹೋಯಿತು.

ನಾನು ಒಳಗೆ ಬಂದು ಓವನ್‌ನ ಬಟ್ಟೆ ತೆಗೆದೆ. ಬೆಳ್ತಿಗೆ ಅಕ್ಕಿ ಒಲೆಗಿಟ್ಟೆ. ಫ್ರಿಜ್ಜಿನಲ್ಲಿ ಸುಜಯ್ ತಂದಿಟ್ಟ ಸಿಗಡಿ ಇತ್ತು. ಒಂದೊಂದನ್ನೂ ಬಾಲ ತೆಗೆದು, ನೋಡಿ ನೋಡಿ ಬಿಡಿಸಿದೆ. ಅನ್ನಕ್ಕೆ ಕಾಚಂಪುಳಿ ಚಿಮುಕಿಸಿದೆ. ಉಳಿದ ಪಾಚಿ ಹಾಳೆಗಳನ್ನೆಲ್ಲ ಒಂದೂ ಬಿಡದೆ ಹರಿದು ಉದುರಿಸಿದೆ. ಎಲ್ಲವನ್ನೂ ‘ದೇ. ಕೃ.’ ಟ್ರೇಗೆ ಹಾಕಿ ಒಳಗೆ ನೂಕಿದೆ. ಬಾಗಿಲು ಹಾಕಿ, ಆ ಟ್ರೇಯ ಬೇರೆ ಬಟ್ಟೆಗೆ ಕೈ ಚಾಚಿದೆ. ಇಷ್ಟು ವರ್ಷದ ಅಭ್ಯಾಸ ಅಲ್ಲವೇ, ಕೈಗೆ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಸುಜಯ್ ಮೇಜಿನ ಮೇಲಿನ ಟ್ರೇ ನೋಡಿ ಬಾಗಿಲಲ್ಲೇ ನಿಂತ. “ಹೇಮಾ, ಇದು ಆ ಟ್ರೇ ಅಲ್ವಾ?”

“ಹೌದು. ಕೂತ್ಕೊಳ್ಳಿ” ಎಂದೆ.

ಅವನು ಕೈ ತೊಳೆದು ಕೂತ. ಬಡಿಸಿದೆ, ಇಬ್ಬರೂ ತಿಂದೆವು. ನನಗೆ ಅಳು ಬಂತು, ಅಳುತ್ತಲೇ ತಿಂದೆ. ಕೊನೆಗೆ ಟ್ರೇಯಲ್ಲಿ ಒಂದು ಮೂಲೆ ಉಳಿಯಿತು, ಕರಿದ ಹಾಗೆ ಆದದ್ದು, ಯಾವಾಗಲೂ ಚಿನ್ಮಯೀಗೆಂದು ಬಿಡುತ್ತಿದ್ದದ್ದು. ಸುಜಯ್ ಅದಕ್ಕೆ ಕೈ ಹಾಕಲಿಲ್ಲ. ನಾನೂ ಹಾಕಲಿಲ್ಲ.

ಟ್ರೇಯನ್ನೇ ಎತ್ತಿಕೊಂಡು ಹೋಗಿ ಅಂಗಳದ ನಡುವೆ ಇಟ್ಟೆ. ಬೆಕ್ಕು ಬಂತು. ರಸ್ತೆಯಲ್ಲಿ ಬಸ್ಸಿಗೆ ಕಾಯುವವರು ನಿಂತಿದ್ದರು, ಗೇಟು ತೆರೆದೇ ಇತ್ತು. ಬೆಕ್ಕು ಕಣ್ಣು ಬಿಟ್ಟುಕೊಂಡು, ಎಲ್ಲರ ಎದುರು, ಪೂರ್ತಿ ತಿಂದು ಮುಗಿಸಿತು.